ಮಳೆಯ ಲೆಕ್ಕವೂ ಬಾಲಿಕೆಯರ ವಿದ್ಯೆಯೂ

ದೂರದೇಶಗಳ ಹವಾಗುಣವನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ಬಾಲಿಕೆಯರು ಎಷ್ಟೋ ಮಂದಿ ಉಂಟು. ತಮ್ಮ ಊರಿನಲ್ಲಿ ನಿನ್ನೆ ಎಷ್ಟು ಮಳೆಯಾಯಿತೆಂದು ಕೇಳಿದರೆ ಹೇಳಬಲ್ಲವರು ವಿರಳ. ಈ ಕೊರತೆಯನ್ನು ಪಾಠಶಾಲೆಯ ಅಂಗಳದಲ್ಲಿಯೇ ನೀಗಬಹುದು, ನೀಗಲೇಬೇಕು ಎಂಬುದು ನಮ್ಮ ಅಭಿಪ್ರಾಯ.

ಬೊಮ್ಮಸಂದ್ರವನ್ನೇ ನೋಡೋಣ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ಚೆನ್ನೈನ ಬೇಗೆಯಿಲ್ಲ. ಮೇಲೇರಿದಂತೆ ವಾಯುವಿನ ಒತ್ತಡವು ತಗ್ಗಿ, ಪ್ರತಿ 1000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಉಷ್ಣವು ಕಡಮೆಯಾಗುವುದು. ಮುಂಗಾರಿನ ಗಾಳಿಯು ಅರಬ್ಬೀ ಸಮುದ್ರದಿಂದ ಹೊತ್ತುತಂದ ನೀರಾವಿಯ ಬಹುಭಾಗವನ್ನು ಪಶ್ಚಿಮಘಟ್ಟಗಳಲ್ಲಿಯೇ ಸುರಿಸಿಬಿಡುತ್ತದೆ. ನಮ್ಮ ದೊಡ್ಡ ಮಳೆಗಳು ಹೆಚ್ಚಾಗಿ ಆಗಸ್ಟಿನಿಂದ ಅಕ್ಟೋಬರಿನ ವರೆಗಿನವು. ಹಗಲಿನಲ್ಲಿ ಕಾದ ಗಾಳಿಯು ಮೇಲೆದ್ದು, ತಣಿದು, ಮುಗಿಲಾಗಿ, ಸಂಜೆಗೆ ಗುಡುಗಿನೊಡನೆ ಇಳಿಯುವುದು. ಆನೇಕಲ್ ತಾಲ್ಲೂಕಿನ ರಾಗಿಯ ಹೊಲಗಳೂ ಕೆರೆಗಳೂ ಇಂತಹ ಮಳೆಯನ್ನೇ ನಂಬಿದ್ದುವು.

ಅಂತಹ ಹೊಲಗಳಲ್ಲಿ ಅನೇಕವು ಈಗ ಕಾರ್ಖಾನೆಗಳಾಗಿವೆ. 2025ರ ಆಗಸ್ಟಿನಲ್ಲಿ ಮೆಟ್ರೋ ರೈಲೂ ಬೊಮ್ಮಸಂದ್ರಕ್ಕೆ ಬಂದಿತು. ಇದರಿಂದ ಅನೇಕ ಮನೆಗಳಿಗೆ ಅನ್ನ ದೊರೆತಿದೆ. ನಾವು ಅದನ್ನು ಹಳಿಯುವುದಿಲ್ಲ. ಆದರೆ ಸಿಮೆಂಟೂ ಡಾಂಬರೂ ಹಗಲಿನ ಬಿಸಿಲನ್ನು ಕೂಡಿಟ್ಟುಕೊಂಡು ರಾತ್ರಿಯಲ್ಲಿ ಹೊರಬಿಡುತ್ತವೆ. ಮಳೆನೀರನ್ನು ನೆಲಕ್ಕೆ ಇಳಿಯಗೊಡವು. ಇದರ ಜೊತೆಗೆ, ಯಂತ್ರಯುಗಕ್ಕೆ ಮುಂಚೆ ವಾಯುಮಂಡಲದ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲವು ಈಗ 420ನ್ನು ಮೀರಿ ಲೋಕವನ್ನೇ ಕಾಯಿಸುತ್ತಿದೆ. ಗಾಳಿಯು ಒಂದು ಡಿಗ್ರಿ ಕಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಸುರಿಯುವಾಗ ಮಳೆಯು ಅಷ್ಟೇ ರಭಸದಿಂದ ಸುರಿಯುವುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳು ನೀರಿನಲ್ಲಿ ನಿಂತವು. 2024ರ ಮಾರ್ಚಿಯಲ್ಲಿ ಅದೇ ನಗರದ ಕೊಳವೆಬಾವಿಗಳು ಬತ್ತಿ ಜನರು ಟ್ಯಾಂಕರಿಗಾಗಿ ಕಾದರು.

ಮೊಬೈಲಿನಲ್ಲಿ ಹವಾವರ್ತಮಾನವಿರುವಾಗ ಅಳತೆ ಮಾಡುವ ಶ್ರಮವೇಕೆಂದು ಕೆಲವರು ಕೇಳಬಹುದು. ಗುಡುಗುಮಳೆಯು ಒಂದು ಹಳ್ಳಿಯನ್ನು ತೋಯಿಸಿ ಮುಂದಿನ ಹಳ್ಳಿಯಲ್ಲಿ ಧೂಳೆಬ್ಬಿಸಿ ಹೋಗುವುದುಂಟು. ಇಡೀ ನಗರಕ್ಕೆ ಹೇಳಿದ ಒಂದು ಅಂಕಿಯಿಂದ ನಮ್ಮ ಕೇರಿಯ ಸಂಗತಿ ತಿಳಿಯದು. ರಾಜಕಾಲುವೆಯ ಹೂಳನ್ನು ತೆಗೆಸಬೇಕೆಂದು ಪುರಸಭೆಗೆ ಅರ್ಜಿ ಬರೆಯುವಾಗ, "ಬಹಳ ಮಳೆ ಬಂದಿತು" ಎಂಬ ಮಾತಿಗಿಂತ ಐದು ವರುಷಗಳ ದಿನವಹಿ ಲೆಕ್ಕಕ್ಕೆ ಬಲ ಹೆಚ್ಚು.

ಈ ಕೆಲಸವು ಹೆಣ್ಣುಮಕ್ಕಳಿಗೆ ಹೊಸದಲ್ಲ. 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅನ್ನಾ ಮಣಿಯವರು ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ಮಾಡಿ, 1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ಪರದೇಶದಿಂದ ತರಿಸುತ್ತಿದ್ದ ಮಾಪನಯಂತ್ರಗಳನ್ನು ಈ ದೇಶದಲ್ಲಿಯೇ ಮಾಡಿಸುವುದಕ್ಕೆ ದುಡಿದರು. ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ಗಾಳಿಯನ್ನೂ ಬಿಸಿಲನ್ನೂ ಅಳೆಯುವ ಯಂತ್ರಗಳ ಕಾರ್ಯಾಗಾರವನ್ನು ನಡೆಸಿದರು. ತಪ್ಪು ಅಳತೆಗಿಂತ ಅಳತೆಯಿಲ್ಲದಿರುವುದೇ ಲೇಸೆಂಬುದು ಅವರ ನಿಲುವು. ನಮ್ಮ ಬಾಲಿಕೆಯರು ಕಲಿಯಬೇಕಾದ ಶಿಸ್ತು ಇದೇ.

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಂದೆತಾಯಿಗಳಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ: ಮರದ ನೆರಳಿಲ್ಲದ ಬಯಲಿನಲ್ಲಿ ಒಂದು ಮಳೆಮಾಪಕ, ಗಾಳಿಯಾಡುವ ಬಿಳಿಯ ಪೆಟ್ಟಿಗೆಯಲ್ಲಿ ಒಂದು ಉಷ್ಣಮಾಪಕ, ಒಂದು ದಪ್ಪ ರಿಜಿಸ್ಟರು. ಇವನ್ನು ಪಾಠಶಾಲೆಗೆ ಒದಗಿಸಿಕೊಡಿರಿ. ಪ್ರತಿದಿನವೂ ಬೆಳಿಗ್ಗೆ 8.30 ಗಂಟೆಗೆ, ರಜೆಯಲ್ಲಿಯೂ ತಪ್ಪದೆ, ಸರದಿಯಂತೆ ಇಬ್ಬರು ಬಾಲಿಕೆಯರು ಅಂಕಿಯನ್ನು ಬರೆದು ರುಜು ಹಾಕಲಿ.