ರಾಮಬಾಣ ಮಾರುವವರು

ಹಳೆಯ ಕನ್ನಡ ಪತ್ರಿಕೆಗಳ ಕಟ್ಟು ಬಿಚ್ಚಿ ಅವುಗಳಲ್ಲಿನ ಔಷಧಿ ಜಾಹೀರಾತುಗಳನ್ನು ಓದಿ ನಗುವುದು ಈಚೆಗೆ ನಮ್ಮಲ್ಲಿ ಒಂದು ಹವ್ಯಾಸವಾಗಿದೆ. ಧಾತುಪುಷ್ಟಿಯ ಗುಳಿಗೆ, ನರದೌರ್ಬಲ್ಯಕ್ಕೆ ಲೇಹ್ಯ, ಬಂಜೆತನಕ್ಕೆ ತೈಲ, ಒಂದೇ ಸೀಸೆಯಲ್ಲಿ ನೂರು ರೋಗಕ್ಕೆ ಮದ್ದು. ‘ಎಂಥ ಮುಗ್ಧ ಕಾಲ!’ ಎಂದು ನಿಟ್ಟುಸಿರು ಬಿಡುವವರಿದ್ದಾರೆ. ಸ್ವದೇಶಿ ಉದ್ಯಮದ ಮೊದಲ ಹೆಜ್ಜೆಗಳಿವು ಎಂದು ಹೆಮ್ಮೆಪಡುವವರೂ ಇದ್ದಾರೆ. ಈ ಎರಡು ಮಾತನ್ನೂ ನಾನು ಒಪ್ಪಲಾರೆ. ಆ ಕಾಲ ಮುಗ್ಧವಾಗಿರಲಿಲ್ಲ. ಅದು ಮುಗಿದೂ ಇಲ್ಲ.

‘ಪೇಟೆಂಟ್ ಔಷಧಿ’ ಎಂಬ ಹೆಸರಿನಲ್ಲೇ ಮೊದಲ ಸುಳ್ಳು ಅಡಗಿದೆ. ಪೇಟೆಂಟ್ ಪಡೆಯಬೇಕಾದರೆ ತಯಾರಿಕೆಯ ಗುಟ್ಟನ್ನು ಸರ್ಕಾರದ ಮುಂದೆ ಬಿಚ್ಚಿಡಬೇಕು. ಈ ವ್ಯಾಪಾರಿಗಳಲ್ಲಿ ಬಹುಪಾಲು ಜನ ಆ ಗೊಡವೆಗೇ ಹೋದವರಲ್ಲ. ಒಳಗಿನ ಸರಕನ್ನು ಮುಚ್ಚಿಟ್ಟು, ಹೆಸರನ್ನಷ್ಟೇ ನೋಂದಾಯಿಸಿಕೊಂಡರು. ಇಂಗ್ಲೆಂಡಿನಲ್ಲಿ 1783ರಿಂದ ಇಂಥ ಔಷಧಿಗಳ ಮೇಲೆ ಸ್ಟಾಂಪ್ ಸುಂಕವಿತ್ತು. ಪೊಟ್ಟಣದ ಮೇಲಿನ ಸರ್ಕಾರಿ ಸ್ಟಾಂಪನ್ನು ಜನ ಸರ್ಕಾರದ ಖಾತರಿಯೆಂದೇ ತಿಳಿದರು. ಖಜಾನೆ ಸುಮ್ಮನೆ ಹಣ ಎಣಿಸಿಕೊಂಡಿತು. 1909ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನವರು ‘ಸೀಕ್ರೆಟ್ ರೆಮಿಡೀಸ್’ ಎಂಬ ಪುಸ್ತಕ ಹೊರಡಿಸಿ ಈ ಗುಟ್ಟುಗಳನ್ನು ಬಯಲಿಗೆಳೆದರು. ಡಬ್ಬಿಯೊಂದಕ್ಕೆ ಒಂದು ಗಿನಿ ಕೊಟ್ಟರೂ ಸಾರ್ಥಕವೆಂದು ಡಂಗುರ ಹೊಡೆಸಿದ್ದ ಬೀಚಮ್ ಗುಳಿಗೆಯಲ್ಲಿದ್ದುದು ಲೋಳೆಸರದ ಒಣಗಿದ ರಸ, ಶುಂಠಿ ಮತ್ತು ಸೋಪು! ಒಂದು ಶಿಲಿಂಗ್ ಒಂದೂವರೆ ಪೆನ್ನಿಗೆ ಮಾರುತ್ತಿದ್ದ ಡಬ್ಬಿಯೊಳಗಿನ ಸಾಮಗ್ರಿಯ ಬೆಲೆ ಸುಮಾರು ಅರ್ಧ ಫಾರ್ದಿಂಗ್. ಲೆಕ್ಕ ಹಾಕಿದರೆ ನೂರು ಪಟ್ಟಿಗೂ ಮಿಗಿಲು. ಉಳಿದ ಹಣವೆಲ್ಲ ಎಲ್ಲಿಗೆ ಹೋಯಿತು? ಲಾಭಕ್ಕಷ್ಟೇ ಅಲ್ಲ, ಜಾಹೀರಾತಿಗೆ. ಕೊಂಡವನು ನುಂಗಿದ್ದು ಜಾಹೀರಾತನ್ನೇ.

ಆ ಸರಕೆಲ್ಲ ಹಡಗು ಹತ್ತಿ ನಮ್ಮಲ್ಲಿಗೂ ಬಂದಿತು. ಸೈನ್ಯದಲ್ಲಿ ವೈದ್ಯನಾಗಿದ್ದ ಕಾಲಿಸ್ ಬ್ರೌನ್ ಎಂಬಾತ ಕಾಲರಾಕ್ಕೆಂದು ಕೂಡಿಸಿದ ‘ಕ್ಲೋರೋಡೈನ್’ ಬಿಳಿಯರ ಬಂಗಲೆಗಳಲ್ಲಿ ಮನೆಮದ್ದಾಯಿತು. ಅದರಲ್ಲಿದ್ದವು ಅಫೀಮಿನ ಸತ್ವ, ಕ್ಲೋರೋಫಾರಂ, ಗಾಂಜಾ. ಮಕ್ಕಳ ಹೊಟ್ಟೆನೋವಿಗೆ ಬಂದ ವುಡ್ವರ್ಡ್ಸ್ ಗ್ರೈಪ್ ವಾಟರಿನ ಹಳೆಯ ಪಾಕದಲ್ಲಿ ಮದ್ಯಸಾರವಿತ್ತು. ಕೂಸು ಅಳು ನಿಲ್ಲಿಸಿ ನಿದ್ದೆಹೋದದ್ದರಲ್ಲಿ ಆಶ್ಚರ್ಯವೇನು?

ಇನ್ನು ನಮ್ಮವರು. 1877ರಲ್ಲಿ ಅಂಚೆ ಇಲಾಖೆ ವಿ.ಪಿ.ಪಿ. ಪದ್ಧತಿಯನ್ನು ಆರಂಭಿಸಿದ ಮೇಲೆ ಈ ವ್ಯಾಪಾರಕ್ಕೆ ರೆಕ್ಕೆ ಬಂದವು. ನಾಚಿಕೆಯ ರೋಗಕ್ಕೆ ಊರಿನ ವೈದ್ಯರ ಮುಖ ನೋಡಬೇಕಾಗಿಲ್ಲ; ಒಂದು ಕಾರ್ಡು ಬರೆದರೆ ಸಾಕು, ಪೊಟ್ಟಣ ಮನೆಬಾಗಿಲಿಗೆ ಬರುತ್ತದೆ, ಹಣವನ್ನು ಪೋಸ್ಟ್‌ಮನ್ನನ ಕೈಗಿಟ್ಟರಾಯಿತು. ಜಾಮನಗರದ ಆತಂಕ ನಿಗ್ರಹ ಗುಳಿಗೆ, ಮದರಾಸಿನ ಲೋಧ್ರ, 1901ರಿಂದ ಲಾಹೋರಿನಲ್ಲಿ ತಯಾರಾಗುತ್ತಿದ್ದ ಅಮೃತಧಾರಾ, ಹೀಗೆ ಹೆಸರುಗಳು ಸಂಸ್ಕೃತವಾದವು. ಧಾಟಿ ಮಾತ್ರ ಬೀಚಮ್ಮನದೇ. ತಲೆನೋವಿಗೂ ಭೇದಿಗೂ ಮಲಬದ್ಧತೆಗೂ ಒಂದೇ ಹನಿ ಎಂದರೆ, ಅದು ಲಂಡನ್ನಿನಿಂದ ಬಂದರೇನು, ಲಾಹೋರಿನಿಂದ ಬಂದರೇನು? ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟುತ್ತಿಲ್ಲವೆಂಬುದನ್ನೂ ಹೇಳಿಬಿಡಬೇಕು. 1913ರಲ್ಲಿ ಆರಂಭವಾದ ನಂಜನಗೂಡಿನ ಸದ್ವೈದ್ಯಶಾಲೆಯ ಹಲ್ಲುಪುಡಿ ಹಲ್ಲುಜ್ಜುವುದಕ್ಕೆ ಎಂದು ಬಂದಿತು, ಹಲ್ಲುಜ್ಜಿತು. ನನ್ನ ಜಗಳ ಅಂಥದರೊಂದಿಗಲ್ಲ.

ಈ ಮಾತನ್ನು ಆಗಲೇ ಆಡಿದವರಿದ್ದರು. ಅಜ್ಮಲ್ ಖಾನ್ ರಸ್ತೆಯಲ್ಲಿ ಸೀರೆ ಚೌಕಾಸಿ ಮಾಡುವ ನಮ್ಮವರಲ್ಲಿ ಎಷ್ಟು ಜನ ಆ ಹಕೀಮರನ್ನು ನೆನೆಯುತ್ತಾರೋ ತಿಳಿಯದು. ಆಯುರ್ವೇದ, ಯುನಾನಿ ಎರಡನ್ನೂ ಶಿಸ್ತಿನಿಂದ ಕಲಿಸಬೇಕೆಂದು ಅವರು ಕಟ್ಟಿದ ಕರೋಲ್‌ಬಾಗಿನ ತಿಬ್ಬಿಯಾ ಕಾಲೇಜನ್ನು 1921ರ ಫೆಬ್ರವರಿ 13ರಂದು ಗಾಂಧೀಜಿ ಉದ್ಘಾಟಿಸಿದರು. ಅದೇ ಗಾಂಧೀಜಿ 1925ರಲ್ಲಿ ವೈದ್ಯರ ಕಾಮೋತ್ತೇಜಕ ಜಾಹೀರಾತುಗಳನ್ನು ಕಟುವಾಗಿ ಖಂಡಿಸಿ ಆಯುರ್ವೇದ ಪಂಡಿತರ ಮುನಿಸಿಗೆ ಗುರಿಯಾದರು. ಶಾಸ್ತ್ರದ ಮೇಲಿನ ಗೌರವವೇ ಅಳಲೆಕಾಯಿ ಪಂಡಿತರ ಮೇಲಿನ ಸಿಟ್ಟಿಗೆ ಕಾರಣವಾಗಬಲ್ಲದು. ಇದನ್ನು ಇಂದಿನ ಸ್ವದೇಶಿ ಭಕ್ತರು ಅರಿಯಲೊಲ್ಲರು.

ಸರ್ಕಾರದ ನಡೆ ಎಂದಿನಂತೆ ಆಮೆಯ ನಡೆ. 1930–31ರ ಚೋಪ್ರಾ ಸಮಿತಿ ಔಷಧಿ ಮಾರುಕಟ್ಟೆಯ ಹೊಲಸನ್ನೆಲ್ಲ ಎತ್ತಿ ತೋರಿಸಿತು. ಕಾಯಿದೆ ಬಂದದ್ದು 1940ರಲ್ಲಿ. ಅದೂ ಆಯುರ್ವೇದ, ಯುನಾನಿ ಔಷಧಿಗಳನ್ನು ಹೊರಗಿಟ್ಟು. ಜಾಹೀರಾತಿಗೆ ಲಗಾಮು ಹಾಕಿದ ಕಾಯಿದೆಗೆ 1954ರವರೆಗೆ ಕಾಯಬೇಕಾಯಿತು. ಅದನ್ನು ಪ್ರಶ್ನಿಸಿದವರಲ್ಲಿ ನಮ್ಮ ಹಳೆ ದಿಲ್ಲಿಯಲ್ಲಿ 1906ರಲ್ಲಿ ಹುಟ್ಟಿದ ಹಮ್‌ದರ್ದ್ ದವಾಖಾನೆಯೂ ಒಂದು. ಜಾಹೀರಾತು ವಾಕ್ ಸ್ವಾತಂತ್ರ್ಯದ ಭಾಗ ಎಂಬುದು ವಾದ. 1959ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕಾಯಿದೆಯ ಒಂದೆರಡು ಅಂಶಗಳನ್ನು ರದ್ದುಪಡಿಸಿತಾದರೂ ಮುಖ್ಯ ಮಾತನ್ನು ಎತ್ತಿಹಿಡಿಯಿತು: ನಿಷಿದ್ಧ ಔಷಧಿಯ ವ್ಯಾಪಾರಕ್ಕಾಗಿ ಹೊರಡಿಸುವ ಜಾಹೀರಾತು ವಿಚಾರ ಪ್ರಸಾರವಲ್ಲ.

ಇಷ್ಟಾಗಿಯೂ ಆಗಿದ್ದೇನು? ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ದೆಹಲಿಗೆ ಬಂದವರೆಲ್ಲ ರೈಲು ಹಳಿಯ ಪಕ್ಕದ ಗೋಡೆಗಳಲ್ಲಿ ಗುಪ್ತರೋಗದ ಹಕೀಮರ ಬರಹಗಳನ್ನು ಓದುತ್ತಲೇ ಬಂದವರು. ಆಯುರ್ವೇದ, ಸಿದ್ಧ, ಯುನಾನಿ ಔಷಧಿಗಳ ಜಾಹೀರಾತಿಗೆ ಮುಂಚಿತವಾಗಿ ಒಪ್ಪಿಗೆ ಬೇಕೆಂದು 2018ರಲ್ಲಿ 170ನೆಯ ನಿಯಮ ಬಂದಿತು. 2023ರಲ್ಲಿ ಆಯುಷ್ ಇಲಾಖೆಯೇ, ಈ ನಿಯಮದಡಿ ಕ್ರಮ ಕೈಗೊಳ್ಳಬೇಡಿರೆಂದು ರಾಜ್ಯಗಳಿಗೆ ಬರೆಯಿತು. 2024ರಲ್ಲಿ ಪತಂಜಲಿ ಸಂಸ್ಥೆಯವರು ಸುಪ್ರೀಂ ಕೋರ್ಟಿನಲ್ಲಿ ಕ್ಷಮೆ ಕೇಳಿ, ಪತ್ರಿಕೆಗಳಲ್ಲೂ ಕ್ಷಮಾಪಣೆ ಅಚ್ಚುಹಾಕಿಸಿದರು. ಅದೇ ವರ್ಷ ಜುಲೈನಲ್ಲಿ ಸರ್ಕಾರ ಆ ನಿಯಮವನ್ನೇ ತೆಗೆದುಹಾಕಿತು. ಆಗಸ್ಟಿನಲ್ಲಿ ಕೋರ್ಟು ತಡೆ ನೀಡಿತು. 2025ರ ಆಗಸ್ಟಿನಲ್ಲಿ ಪ್ರಕರಣ ಮುಗಿದು ತಡೆಯೂ ಹೋಯಿತು. ಬೇಲಿಯೇ ಹೊಲವನ್ನು ಮೇಯುವುದೆಂದರೆ ಇದೇ ತಾನೆ?

ಈಗ ನಮ್ಮ ಮನೆಯ ಮಾತು. ದ್ವಾರಕಾ, ನೋಯ್ಡಾ, ಗುರುಗ್ರಾಮಗಳ ನಮ್ಮ ಹಿರಿಯರಲ್ಲಿ ಮಧುಮೇಹ, ರಕ್ತದೊತ್ತಡ ಇಲ್ಲದವರು ವಿರಳ. ಮಕ್ಕಳು ದೂರದಲ್ಲಿದ್ದಾರೆ, ಆಸ್ಪತ್ರೆಯ ಬಿಲ್ಲಿಗೆ ಹೆದರಿಕೆ. ಇಂಥವರ ಮೊಬೈಲಿಗೆ ದಿನವೂ ಬರುವುದೇನು? ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವ ಕಷಾಯ! ಕುಡಿಯಲಿ ಬಿಡಿ ಎನ್ನುವಂತಿಲ್ಲ. ಕಷಾಯ ನಂಬಿ ಇನ್ಸುಲಿನ್ ಬಿಟ್ಟವರ ಗತಿ ಏನಾಗುತ್ತದೆಂದು ಯಾವ ವೈದ್ಯರನ್ನಾದರೂ ಕೇಳಿ ನೋಡಿ. 1954ರ ಕಾಯಿದೆಯ ಪಟ್ಟಿಯಲ್ಲಿ ಮಧುಮೇಹವೂ ಸೇರಿದೆ. ಅದನ್ನು ಗುಣಪಡಿಸುತ್ತೇವೆಂಬ ಜಾಹೀರಾತು ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ ಅಥವಾ ಎರಡೂ ಎಂದು ಅದು ವಿಧಿಸಿತು. ಪ್ರಕಟಿಸುವವರೂ ಆ ಕಾಯಿದೆಯ ಬಲೆಯೊಳಗಿನವರೇ.

ಸಂಘಗಳ ಸ್ಮರಣ ಸಂಚಿಕೆಗಳಿಗೆ ಇಂಥ ಜಾಹೀರಾತು ಬಂದಾಗ ‘ಒಂದು ಪುಟ ಬಿಟ್ಟರೆ ಅಚ್ಚಿನ ಖರ್ಚಿಗೇನು ಮಾಡುವುದು?’ ಎಂಬ ಪ್ರಶ್ನೆ ಏಳುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೆ ತಮ್ಮ ಪತ್ರಿಕೆಗಳಿಗೆ ಜಾಹೀರಾತೇ ಬೇಡವೆಂದು ಗಾಂಧೀಜಿ ಚಂದಾದಾರರನ್ನೇ ನಂಬಿ ನಡೆಸಿದರು. ನಮ್ಮಿಂದ ಅಷ್ಟು ಆಗದಿದ್ದರೆ ಇಷ್ಟಾದರೂ ಆಗಲಿ: ರೋಗ ಗುಣಪಡಿಸುತ್ತೇವೆನ್ನುವ ಯಾವ ಜಾಹೀರಾತನ್ನೂ, ಆಯುರ್ವೇದವಾಗಲಿ, ಅಲೋಪತಿಯಾಗಲಿ, ಪೂಜೆ ತಾಯಿತಗಳಾಗಲಿ, ಮಾಸಿಕದಲ್ಲೂ ಸಂಚಿಕೆಯಲ್ಲೂ ಸ್ವೀಕರಿಸಕೂಡದೆಂದು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಗೊತ್ತುವಳಿ ತರಬೇಕೆಂದಿದ್ದೇನೆ. ಅನುಮೋದಿಸುವವರು ಮುಂಚಿತವಾಗಿಯೇ ಹೆಸರು ತಿಳಿಸಿದರೆ ಅನುಕೂಲ. ಖಾಲಿ ಬಿದ್ದ ಪುಟದ ಖರ್ಚಿಗೆ ನನ್ನ ಪಾಲನ್ನು ಅಂದೇ ಖಜಾಂಚಿಯವರ ಕೈಗೆ ಕೊಡುತ್ತೇನೆ.