ಬೇಕರಿಯ ಗಾಜು, ಮನೆಯ ಒಲೆ

ನಮ್ಮ ಬಡಾವಣೆಯ ಬೇಕರಿಯಲ್ಲಿ ಸಂಜೆ ಐದರ ಸುಮಾರಿಗೆ ಪಫ್ಸಿನ ತಟ್ಟೆ ಒಲೆಯಿಂದ ಹೊರಬರುತ್ತದೆ. ಬೇಕಾದದ್ದು ಒಂದೇ ಆದರೂ ‘ಒಂದು ಪಫ್ಸ್ ಕೊಡಿ’ ಎಂದೇ ಕೇಳುವುದು ಬೆಂಗಳೂರಿನ ವಾಡಿಕೆ. ಇಂಗ್ಲಿಷಿನ ಬಹುವಚನ ನಮ್ಮ ಬಾಯಲ್ಲಿ ಏಕವಚನವಾಗಿ ನೆಲಸಿದೆ; ವ್ಯಾಕರಣ ಹೇಳಿಕೊಡುವ ನನಗೂ ಅದನ್ನು ತಿದ್ದುವ ಮನಸ್ಸಿಲ್ಲ. ಆ ಹೊತ್ತಿನಲ್ಲಿ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವ ಮಹನೀಯರೊಬ್ಬರನ್ನು ನಾನು ಬಲ್ಲೆ. ಖೀಮಾ ಪಫ್ಸನ್ನು ಕಾಗದದ ಚೂರಿನಲ್ಲಿ ಹಿಡಿದು, ರಸ್ತೆಗೆ ಬೆನ್ನು ಮಾಡಿ, ನಾಲ್ಕು ತುತ್ತಿಗೆ ಮುಗಿಸಿ, ಅಂಗಿಯ ಮೇಲೆ ಉದುರಿದ ಪುಡಿಯನ್ನು ಕೊಡವಿ, ಬಾಯಿಗೊಂದು ಲವಂಗ ಹಾಕಿಕೊಂಡು ಮನೆಗೆ ಹೊರಡುತ್ತಾರೆ. ಅವರು ನನ್ನ ಹಿಂದಿನ ಮನೆಯ ಮಾಲೀಕರು.

ಅವರ ಮನೆಯನ್ನು ನಾನು ಬಿಡಬೇಕಾಗಿ ಬಂದುದು ಇದೇ ಖೀಮಾದ ದೆಸೆಯಿಂದ. ಒಂದು ಭಾನುವಾರ ನಾವು ಮನೆಯಲ್ಲೇ ಪಫ್ಸ್ ಮಾಡಿದೆವು. ಮರುದಿನ ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತು ಬಲು ಮೃದುವಾಗಿ ಹೇಳಿದರು: “ಮೇಷ್ಟ್ರೇ, ಹೊರಗಿನಿಂದ ತಂದು ತಿನ್ನಿ, ನಾನು ಕೇಳುವುದಿಲ್ಲ. ಒಲೆಯ ಮೇಲೆ ಮಾತ್ರ ಬೇಡ.” ನಾನು ಒಪ್ಪಲಿಲ್ಲ, ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿದೆವು. ಪಾತ್ರೆ ಕಟ್ಟುತ್ತಿದ್ದಾಗ ಎಂಟು ವರ್ಷದ ನನ್ನ ಮಗಳು ಕೇಳಿದಳು: “ಅಪ್ಪಾ, ಅಂಗಡಿಯವರು ಮಾಡಿದರೆ ತಪ್ಪಲ್ಲ, ನಾವು ಮಾಡಿದರೆ ತಪ್ಪಾ?” ಮಾಲೀಕರಿಗೆ ಹೇಳಬೇಕಾದ ಉತ್ತರ ನನ್ನಲ್ಲಿತ್ತು, ಅವಳಿಗೆ ಹೇಳಬೇಕಾದುದು ಇರಲಿಲ್ಲ. ಈಗ ಹೇಳುತ್ತೇನೆ: ತಪ್ಪಲ್ಲ. ತಿನ್ನುವುದು ಸರಿಯೆಂದ ಮೇಲೆ ಮಾಡುವುದೂ ಸರಿ. ಅಂಗಡಿಗಿಂತ ಮನೆಯಲ್ಲಿ ಮಾಡುವುದೇ ಮೇಲು.

ಮೊದಲನೆಯ ಆಕ್ಷೇಪಣೆ, ಇದು ನಮ್ಮದಲ್ಲ ಎಂಬುದು. ಚಿಕ್ಕಪೇಟೆಯಲ್ಲಿ ಅಯ್ಯಂಗಾರ್ ಬೇಕರಿಯ ಪರಂಪರೆ ಆರಂಭವಾದುದು 1898ರಲ್ಲಿ. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ 1902ರದು. ಒಂದು ಕಡೆ ಮೊಟ್ಟೆಯೂ ಇಲ್ಲದ ತಿಂಡಿ, ಇನ್ನೊಂದು ಕಡೆ ಖೀಮಾ ತುಂಬಿದ ತಿಂಡಿ. ಎರಡೂ ಒಂದೇ ಊರಿನ ಮಕ್ಕಳು. ನೂರಿಪ್ಪತ್ತು ವರ್ಷ ನಮ್ಮ ನಡುವೆ ಬದುಕಿದುದನ್ನು ಪರಕೀಯವೆನ್ನುವುದಾದರೆ, ಮೆಣಸಿನಕಾಯಿ, ಆಲೂಗಡ್ಡೆಗಳನ್ನೂ ಅಡಿಗೆಮನೆಯಿಂದ ಆಚೆ ಹಾಕಬೇಕಾದೀತು.

ಮಾಂಸವಂತೂ ಪರಕೀಯವೇ ಅಲ್ಲ. 16ನೆಯ ಶತಮಾನದ ಆದಿಯ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವನ್ನು ನಾವು ತರಗತಿಯಲ್ಲಿ ಹೆಮ್ಮೆಯಿಂದ ಹೆಸರಿಸುತ್ತೇವೆ. ಅವನು ಜೈನ, ಅವನ ಗ್ರಂಥದಲ್ಲಿ ಮಾಂಸವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅದಕ್ಕೆ ಸುಮಾರು ನಾಲ್ಕುನೂರು ವರ್ಷ ಹಿಂದೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣವನ್ನು ತೆರೆದು ನೋಡಿ. ಸಂಸ್ಕೃತದಲ್ಲಿ, ಶ್ಲೋಕಗಳಲ್ಲಿ, ಮಾಂಸವನ್ನು ಹೆಚ್ಚುವುದು, ಸುಡುವುದು, ಮಸಾಲೆ ತುಂಬುವುದು ಎಲ್ಲವೂ ನಿಸ್ಸಂಕೋಚವಾಗಿ ಬಂದಿದೆ. ಒಂದನ್ನು ಮಾತ್ರ ಪಾಠ ಹೇಳಿ ಇನ್ನೊಂದರ ಮೇಲೆ ಬಟ್ಟೆ ಮುಚ್ಚುವ ನಾವು ಮೇಷ್ಟರುಗಳೂ ಆ ಲವಂಗದ ಮಹನೀಯರಿಗೆ ಬಂಧುಗಳೇ.

ಎರಡನೆಯದು, ಮನೆಯಲ್ಲಿ ಸಾಧ್ಯವಿಲ್ಲ, ಅದಕ್ಕೆ ಬೇಕರಿಯವನ ಕೈಯೇ ಬೇಕು ಎಂಬ ಮಾತು. ಮದುವೆಮನೆಯ ಚಿರೋಟಿಯನ್ನು ಕಂಡ ಜನ ಈ ಮಾತನ್ನಾಡಬಾರದು. ತೆಳ್ಳಗೆ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ, ಅಕ್ಕಿಹಿಟ್ಟಿನ ಸಾಟಿ ಸವರಿ, ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸಿ ಪದರು ಬಿಡಿಸಿದ ನಮ್ಮ ಅಜ್ಜಿಯರಿಗೆ ಈ ವಿದ್ಯೆಯ ಮರ್ಮ ತಿಳಿದಿತ್ತು: ಹಿಟ್ಟಿಗೂ ಹಿಟ್ಟಿಗೂ ನಡುವೆ ಜಿಡ್ಡು ನಿಲ್ಲಬೇಕು. ಪಫ್ಸಿನಲ್ಲಿ ಸಾಟಿಯ ಸ್ಥಾನದಲ್ಲಿ ಬೆಣ್ಣೆ, ಬಾಣಲೆಯ ಸ್ಥಾನದಲ್ಲಿ ಓವನ್ನು. ಮೈದಾಹಿಟ್ಟಿನ ಕಣಕದೊಳಗೆ ತಣ್ಣನೆಯ ಬೆಣ್ಣೆಯ ಹಲಗೆಯನ್ನಿಟ್ಟು ಮುಚ್ಚಿ, ಲಟ್ಟಿಸಿ ಮೂರು ಮಡಿಕೆ ಮಾಡಬೇಕು. ಹೀಗೆ ಆರು ಸಲ ಮಾಡಿದರೆ ಬೆಣ್ಣೆ 729 ಪದರುಗಳಾಗುತ್ತದೆ. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು ಹದಿನಾರು ಪಾಲು ನೀರು. 200 ಡಿಗ್ರಿಯ ಬಿಸಿಗೆ ಅದೂ ಕಣಕದ ನೀರೂ ಆವಿಯಾಗಿ ಪದರುಗಳನ್ನು ಎತ್ತಿಹಿಡಿಯುತ್ತವೆ. ಅಷ್ಟೇ ರಹಸ್ಯ, ಸೋಡಾವೂ ಇಲ್ಲ, ಮಂತ್ರವೂ ಇಲ್ಲ.

ಕಷ್ಟವಿಲ್ಲವೆಂದು ಸುಳ್ಳು ಹೇಳಲಾರೆ. ಬೆಣ್ಣೆ ಮೂವತ್ತೆರಡು, ಮೂವತ್ತೈದು ಡಿಗ್ರಿಗೆ ಕರಗುತ್ತದೆ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನ ಬಿಸಿಲೂ ಅಷ್ಟೇ ಇರುತ್ತದೆ. ಆದ್ದರಿಂದ ಬೆಳಗಿನ ಜಾವ ಏಳಬೇಕು, ಎರಡು ಮಡಿಕೆಗೊಮ್ಮೆ ಕಣಕವನ್ನು ಫ್ರಿಜ್ಜಿನಲ್ಲಿ ಅರ್ಧ ಗಂಟೆ ಮಲಗಿಸಬೇಕು. ಖೀಮಾದ ನೀರು ಪೂರ್ತಿ ಇಂಗುವವರೆಗೆ ಹುರಿದು, ಆರಿದ ಮೇಲೆಯೇ ತುಂಬಬೇಕು. ಮೊದಲ ಸಲ ಅವಸರಪಟ್ಟು ಬಿಸಿಯಾಗಿಯೇ ತುಂಬಿದೆ. ಪದರುಗಳು ಏಳಲಿಲ್ಲ, ತಳ ಹಸಿಯಾಗಿ ಉಳಿಯಿತು. ಖೀಮಾದ ಮೇಲೊಂದು ಚೂರು ಚೀಸ್ ಇರಲಿ. ನಿಘಂಟುಗಳು ಇದನ್ನು ಗಿಣ್ಣು ಎನ್ನುತ್ತವೆ. ಈದ ಹಸುವಿನ ಮೊದಲ ಹಾಲನ್ನು ಕಾಯಿಸಿದ ಗಿಣ್ಣನ್ನು ತಿಂದವರಾರೂ ಆ ತಪ್ಪು ಮಾಡರು. ಅಂಗಡಿಯ ಸಂಸ್ಕರಿತ ಚೀಸ್ ಜಿಡ್ಡು ಬಿಡದೆ ಹದವಾಗಿ ಕರಗುತ್ತದೆ. ಅಂಚಿಗೆ ಮಾತ್ರ ಹಚ್ಚಬೇಡಿ, ಹರಿದು ಹೊರಬಂದು ಸುಟ್ಟುಹೋಗುತ್ತದೆ. ಮೇಲೆ ಮೊಟ್ಟೆ ಸವರಿ ಇಪ್ಪತ್ತೈದು ನಿಮಿಷ ಬೇಯಿಸಿದರೆ ಆಯಿತು.

ಇಷ್ಟು ಶ್ರಮವೇಕೆ ಎಂದರೆ, ಜಿಡ್ಡಿಗಾಗಿ. ಅಗ್ಗದ ಪಫ್ಸಿನಲ್ಲಿ ಬೆಣ್ಣೆ ಅಪರೂಪ. ಬಿಸಿಲಿಗೂ ಕರಗದೆ ನಿಲ್ಲುವ ವನಸ್ಪತಿಯೋ ಮಾರ್ಗರೀನೋ ಇರುತ್ತದೆ. ಎಣ್ಣೆಯನ್ನು ಅರೆಬರೆ ಗಟ್ಟಿಗೊಳಿಸಿದಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ವೈರಿ. ಅದು ಎಣ್ಣೆ, ಕೊಬ್ಬುಗಳಲ್ಲಿ 2021ರಿಂದ ನೂರಕ್ಕೆ 3, 2022ರಿಂದ ನೂರಕ್ಕೆ 2 ಪಾಲು ಮೀರಬಾರದೆಂದು ನಮ್ಮ ದೇಶದ ಆಹಾರ ಪ್ರಾಧಿಕಾರ ನಿಯಮ ಮಾಡಿದೆ. ನಿಯಮ ಒಳ್ಳೆಯದೇ; ಆದರೆ ಬಿಡಿಯಾಗಿ ಮಾರುವ ಪಫ್ಸಿನ ಮೇಲೆ ಚೀಟಿಯಿಲ್ಲ. ಮನೆಯಲ್ಲಾದರೆ ಏನು ಹಾಕಿದೆವೆಂಬುದು ಗೊತ್ತು. ಬೆಣ್ಣೆಯೂ ಔಷಧವಲ್ಲ, ಆದರೆ ಆರು ಸಲ ಲಟ್ಟಿಸಬೇಕಾದವನು ಅದನ್ನು ದಿನವೂ ತಿನ್ನಲಾರ. ಶ್ರಮವೇ ಪಥ್ಯ.

ಮೂರನೆಯ ಆಕ್ಷೇಪಣೆಯೊಂದೇ ನ್ಯಾಯವಾದುದು: ಮಾಡುವವರು ಯಾರು? ಗಂಡಸು ಪತ್ರಿಕೆಯಲ್ಲಿ ಬರೆದು, ಹೆಂಗಸು ಅಡಿಗೆಮನೆಯಲ್ಲಿ ಬೇಯುವುದಾದರೆ ಈ ಲೇಖನ ಕಸದ ಬುಟ್ಟಿಗೆ ಯೋಗ್ಯ. ನಮ್ಮ ಮನೆಯಲ್ಲಿ ಲಟ್ಟಣಿಗೆ ನನ್ನದು, ಖೀಮಾ ನನ್ನ ಹೆಂಡತಿಯದು, ಮೊಟ್ಟೆ ಸವರುವ ಅಧಿಕಾರ ಮಗಳದು.

ಮಾಂಸ ತಿನ್ನದವರ ಮೇಲೆ ನನ್ನ ದೂರಿಲ್ಲ. ತನ್ನ ಒಲೆಯ ಮೇಲೆ ಬೇಡವೆನ್ನುವುದು ಅವರವರ ಹಕ್ಕು. ಅಂಥ ಗೆಳೆಯರು ಬಂದ ದಿನ ಬೇರೆ ತಟ್ಟೆಯಲ್ಲಿ ಆಲೂಗಡ್ಡೆಯ ಪಲ್ಯ ತುಂಬುತ್ತೇವೆ. ನನ್ನ ಜಗಳ, ತಾನು ಬೀದಿಯಲ್ಲಿ ತಿಂದು ಇನ್ನೊಬ್ಬನ ಒಲೆಗೆ ಬೀಗ ಹಾಕುವವರ ಜೊತೆಗೆ. ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ಬಾಡಿಗೆದಾರನ ನಾಲಗೆಯನ್ನೇನೂ ತಡೆಯುವುದಿಲ್ಲ. ಅವನ ಮಕ್ಕಳಿಗೆ ಪಿಸುಮಾತನ್ನು ಕಲಿಸುತ್ತದೆ.

ಈಗಿನ ಮನೆ ಚಿಕ್ಕದು, ಬಾಡಿಗೆ ಹೆಚ್ಚು, ಕಾಲೇಜು ದೂರ. ಭಾನುವಾರ ಓವನ್ನಿನ ಬಾಗಿಲು ತೆರೆದಾಗ ಕಿಟಕಿಯನ್ನೂ ತೆರೆದಿಡುತ್ತೇವೆ. ಹಳೆಯ ಮಾಲೀಕರು ಈ ಬೀದಿಯಲ್ಲಿ ಬಂದರೆ ಒಳಗೆ ಬರಲಿ, ಕುರ್ಚಿಯಿದೆ, ತಟ್ಟೆಯಿದೆ. ಲವಂಗವೊಂದನ್ನು ಮಾತ್ರ ನಾವು ಕೊಡುವುದಿಲ್ಲ.