ಬಾಲಕರ ಆಟದ ಯಂತ್ರವೂ ಗೃಹಸ್ಥನ ಕೈಚೀಲವೂ

ಹದಿನಾರು ವರ್ಷದ ಮಗನಿಗೆ ಆಟವಾಡಲು ತಕ್ಕ ಕಂಪ್ಯೂಟರನ್ನು ಮಿತವಾದ ವೆಚ್ಚದಲ್ಲಿ ಒದಗಿಸುವುದು ಹೇಗೆಂಬ ಪ್ರಶ್ನೆಯು ಪತ್ರಿಕೆಯ ಈ ಪುಟಕ್ಕೆ ತಕ್ಕ ವಿಷಯವೆ ಎಂದು ಕೆಲವರು ಹುಬ್ಬೇರಿಸಬಹುದು. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ ಕಪಿಲೆಯ ದಡದಲ್ಲಿರುವ ಸುತ್ತೂರಿನಂಥ ಊರಿನ ಗೃಹಸ್ಥರು ಹಾಗೆ ಹುಬ್ಬೇರಿಸಲಾರರು. ಅವರಿಗೆ ನಲವತ್ತು ಐವತ್ತು ಸಾವಿರ ರೂಪಾಯಿ ಎಂದರೆ ಒಂದು ಹಂಗಾಮಿನ ಉಳಿತಾಯವೆಲ್ಲ ಹೋದಂತೆಯೇ. ಅಷ್ಟು ಹಣವನ್ನು ಹಿಡಿದು ಮೈಸೂರಿನ ಅಂಗಡಿಯ ಮೆಟ್ಟಿಲೇರುವ ತಂದೆಗೆ ತಾನು ಕೊಳ್ಳುವ ವಸ್ತುವಿನ ಒಳಗೇನಿದೆಯೆಂಬುದು ತಿಳಿಯದು. ತಿಳಿದಿರುವ ಮಗನಿಗೆ ಹಣದ ಬೆಲೆ ತಿಳಿಯದು. ಈ ಎರಡು ಅಜ್ಞಾನಗಳ ನಡುವೆ ವ್ಯಾಪಾರವು ಸುಖವಾಗಿ ನಡೆಯುತ್ತಿದೆ.

ಈ ಪ್ರಶ್ನೆಯು ಇದೀಗ ತೀಕ್ಷ್ಣವಾದುದಕ್ಕೆ ಕಾರಣವುಂಟು. ಕಂಪ್ಯೂಟರಿನ ತಾತ್ಕಾಲಿಕ ಸ್ಮರಣೆಯಾದ ರ್‍ಯಾಮ್ ಎಂಬ ಭಾಗವು ಬಹುಕಾಲ ಅಗ್ಗವಾಗಿಯೇ ಇತ್ತು. 2025ನೆಯ ಇಸವಿಯ ಕಡೆಯ ತಿಂಗಳುಗಳಲ್ಲಿ ಅದರ ಬೆಲೆಯು ಅನೇಕ ಬಗೆಗಳಲ್ಲಿ ಇಮ್ಮಡಿಗೂ ಮೀರಿ ಏರಿತು. ಪ್ರಪಂಚಕ್ಕೆ ಬೇಕಾದ ಈ ಚಿಪ್ಪುಗಳ ಬಹುಪಾಲನ್ನು ತಯಾರಿಸುವವರು ಕೊರಿಯಾದ ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್ ಮತ್ತು ಅಮೆರಿಕದ ಮೈಕ್ರಾನ್ ಎಂಬ ಮೂರೇ ಕಂಪೆನಿಗಳು. ಕೃತಕ ಬುದ್ಧಿಮತ್ತೆಯ ಯಂತ್ರಾಗಾರಗಳನ್ನು ಕಟ್ಟುತ್ತಿರುವ ಧನಾಢ್ಯ ಸಂಸ್ಥೆಗಳು ಕೇಳಿದ ಬೆಲೆ ಕೊಡಲು ಸಿದ್ಧವಾಗಿ ನಿಂತಿರುವಾಗ, ಈ ಮೂವರೂ ತಮ್ಮ ಉತ್ಪಾದನೆಯನ್ನು ಅತ್ತ ತಿರುಗಿಸಿದುದು ಸಹಜವೇ. ಮನೆಮಂದಿಗೆ ಮಾರುತ್ತಿದ್ದ ‘ಕ್ರೂಷಿಯಲ್’ ಮುದ್ರೆಯ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನಿನವರು 2025ರ ಡಿಸೆಂಬರಿನಲ್ಲಿ ಸಾರಿದರು. ಸಮುದ್ರದಾಚೆಯ ಆ ನಿರ್ಧಾರದ ಭಾರವನ್ನು ಕಪಿಲೆಯ ದಡದ ಗೃಹಸ್ಥನು ಹೊರಬೇಕಾಗಿದೆ.

ಹಾಗಾದರೆ ನಮ್ಮಲ್ಲಿ ಏನೂ ಇಲ್ಲವೆ? ಇದೆ, ಆದರೆ ಅರ್ಧ ಇದೆ. ಚಿಪ್ಪುಗಳನ್ನು ಕೂರಿಸುವ ಹಲಗೆಗಳನ್ನು ತಯಾರಿಸುವ ಆಸ್ಟ್ರಿಯಾದ ಎ.ಟಿ. ಅಂಡ್ ಎಸ್. ಕಂಪೆನಿಯ ಕಾರ್ಖಾನೆಯು 1999ರಿಂದಲೂ ನಂಜನಗೂಡಿನಲ್ಲಿಯೇ ನಡೆಯುತ್ತಿದೆ. ಸುತ್ತೂರಿನ ಬಾಲಕನು ಮನೆಯ ಜಗಲಿಯಿಂದ ಹೊರಟು ಬಸ್ಸಿನಲ್ಲಿ ಸ್ವಲ್ಪ ಹೊತ್ತಿನಲ್ಲಿ ತಲಪುವ ದೂರ! ಮೈಸೂರಿನಲ್ಲಿಯೇ ಹುಟ್ಟಿ ಬೆಳೆದ ಕೇನ್ಸ್ ಟೆಕ್ನಾಲಜಿ ಕಂಪೆನಿಯು ಚಿಪ್ಪುಗಳನ್ನು ಜೋಡಿಸಿ ಪರೀಕ್ಷಿಸುವ ಕಾರ್ಖಾನೆಗೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆಯನ್ನು ಪಡೆಯಿತು. 3,300 ಕೋಟಿ ರೂಪಾಯಿಯ ಆ ಉದ್ಯಮಕ್ಕೆ ನೆಲ ದೊರೆತದ್ದು ಮೈಸೂರಿನಲ್ಲಲ್ಲ, ಗುಜರಾತಿನ ಸಾನಂದದಲ್ಲಿ. ಇದನ್ನು ನಮ್ಮ ಜಿಲ್ಲೆಯ ಪ್ರತಿನಿಧಿಗಳು ಗಮನಿಸಿದ್ದಾರೆಂದು ನಂಬೋಣ. ಮೈಕ್ರಾನಿಗೂ ಅಲ್ಲಿಯೇ 2023ರಲ್ಲಿ ಒಪ್ಪಿಗೆ ದೊರೆಯಿತು. ಆದರೆ ಅಲ್ಲಿಗೆ ಗೊತ್ತುಪಡಿಸಿದ ಕೆಲಸವು ಹೊರಗೆ ಸಿದ್ಧವಾದ ಚಿಪ್ಪನ್ನು ಜೋಡಿಸಿ ಪರೀಕ್ಷಿಸುವುದು. ಮೂಲವಸ್ತುವಿನ ಬೆಲೆಯನ್ನು ಕಟ್ಟುವವರು ಇಂದಿಗೂ ಪರರೇ.

ಆಟಕ್ಕೆ ಇಷ್ಟೆಲ್ಲ ಏಕೆ, ಹುಡುಗನು ಓದಲಿ ಎಂಬ ಹಿರಿಯರ ಮಾತನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಆದರೆ ಸುತ್ತೂರಿನ ಜಾತ್ರೆಯಲ್ಲಿ ಕುಸ್ತಿಯ ಅಖಾಡಕ್ಕೆ ಜನ ಮುಗಿಬೀಳುವುದನ್ನು ಕಂಡವರು ಆಟವೆಂದರೆ ಅನಾಚಾರವೆನ್ನಲಾರರು. ಅವರ ನಿಜವಾದ ಭಯವು ಜೂಜಿನದು; ಆ ಭಯಕ್ಕೆ ಆಧಾರವೂ ಇತ್ತು. ಕರ್ನಾಟಕ ಸರಕಾರದವರು ಹಣದ ಆನ್‌ಲೈನ್ ಆಟಗಳನ್ನು ತಡೆಯಲು 2021ರಲ್ಲಿ ಮಾಡಿದ ಶಾಸನದ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. ಆಮೇಲೆ 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ತಾನೇ ಶಾಸನ ಮಾಡಿ, ಹಣವೊಡ್ಡುವ ಆಟಗಳನ್ನು ನಡೆಸುವವರಿಗೆ ಮೂರು ವರ್ಷದವರೆಗಿನ ಸೆರೆಮನೆಯನ್ನೂ ಒಂದು ಕೋಟಿ ರೂಪಾಯಿಯವರೆಗಿನ ದಂಡವನ್ನೂ ವಿಧಿಸಿ, ಕೌಶಲದ ಸ್ಪರ್ಧೆಗಳಾದ ಇ-ಸ್ಪೋರ್ಟ್ಸನ್ನು ಬೇರೆಯಾಗಿ ಮನ್ನಿಸಿತು. ಮೇಲಾಗಿ, ಜೂಜು ಹಬ್ಬಿದ್ದು ಜೇಬಿನ ಮೊಬೈಲಿನಲ್ಲಿ. ನಡುಮನೆಯ ಮೇಜಿನ ಮೇಲೆ ಎಲ್ಲರ ಕಣ್ಣೆದುರಿಗಿರುವ ಯಂತ್ರವು ಅದಕ್ಕಿಂತ ಎಷ್ಟೋ ಸುರಕ್ಷಿತವಾದುದು.

ಇನ್ನು ಕೊಳ್ಳುವ ವಿಚಾರ. ಬಣ್ಣಬಣ್ಣದ ದೀಪ ಮಿನುಗುವ ಗಾಜಿನ ಪೆಟ್ಟಿಗೆಯನ್ನು ಮುಂದಿಟ್ಟು ‘ಐ-ಸೆವೆನ್ ಗೇಮಿಂಗ್ ಕಂಪ್ಯೂಟರ್’ ಎಂದು ಅತ್ಯಲ್ಪ ಬೆಲೆಗೆ ಮಾರುವ ಪದ್ಧತಿಯೊಂದು ಬೆಳೆದಿದೆ. ದೀಪವು ಹೊಸದು, ಒಳಗಿನ ಪ್ರೊಸೆಸರು ಹಲವು ವೇಳೆ 2012ರ ಮೂರನೆಯ ತಲೆಮಾರಿನದು! ಹೆಸರು ಐ-ಸೆವೆನ್ ಎಂದಿದ್ದರೆ ಸಾಲದು. ಎಷ್ಟನೆಯ ತಲೆಮಾರೆಂದು ಕೇಳಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ರಕ್ಷಣೆಯನ್ನು ಮೈಕ್ರೋಸಾಫ್ಟಿನವರು ಮುಗಿಸಿದರು. ವಿಂಡೋಸ್ 11ಕ್ಕೆ ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಿಂದಿನವು ನಿಯಮದಂತೆ ಸಲ್ಲವು. ಹುಡುಗರು ಬಯಸುವ ವ್ಯಾಲೊರಂಟ್ ಎಂಬ ಆಟವಂತೂ ವಿಂಡೋಸ್ 11ರಲ್ಲಿ ಟಿ.ಪಿ.ಎಂ. ಎಂಬ ರಕ್ಷಣಾಚಿಪ್ಪು ಇಲ್ಲದೆ ತೆರೆಯುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡಿನ ಕಥೆಯೂ ಇಂಥದೇ. ಈಥೀರಿಯಂ ಎಂಬ ಅಂಕನಾಣ್ಯವನ್ನು ಗಣಿಸಲು ಹಗಲಿರುಳೂ ದುಡಿಸಿದ ಕಾರ್ಡುಗಳು 2022ರ ಸೆಪ್ಟೆಂಬರಿನಲ್ಲಿ ಆ ಗಣನೆ ನಿಂತ ಮೇಲೆ ರಾಶಿರಾಶಿಯಾಗಿ ಹಳೆಯ ಸಾಮಾನಿನ ಪೇಟೆಗೆ ಬಂದವು. ಅಂಥವು ತೊಳೆದು ಒರೆಸಿ ಹೊಸದರಂತೆ ಕಾಣಬಹುದು, ಹೊಸದಾಗಲಾರವು.

ನಮ್ಮ ಅಭಿಪ್ರಾಯದಲ್ಲಿ ಮಿತವ್ಯಯದ ಗೃಹಸ್ಥನು ಸಿದ್ಧಪೆಟ್ಟಿಗೆಯನ್ನು ಕೊಳ್ಳದೆ ಭಾಗಗಳನ್ನು ಒಂದೊಂದಾಗಿ ಆರಿಸಿ ಮಗನ ಕೈಯಿಂದಲೇ ಜೋಡಿಸುವುದು ಲೇಸು. ಅದರಲ್ಲಿಯೂ ಅತ್ಯಂತ ದುಬಾರಿಯಾದ ಗ್ರಾಫಿಕ್ಸ್ ಕಾರ್ಡನ್ನು ಮೊದಲ ವರ್ಷ ಬಿಟ್ಟುಬಿಡಬೇಕು. ಚಿತ್ರ ಬರೆಯುವ ಶಕ್ತಿಯನ್ನು ತನ್ನೊಳಗೇ ಇಟ್ಟುಕೊಂಡಿರುವ ಪ್ರೊಸೆಸರುಗಳುಂಟು. ಎ.ಎಂ.ಡಿ. ಕಂಪೆನಿಯ 2021ರ ರೈಜೆನ್ 5 5600ಜಿ ಅಂಥದೊಂದು. ಅದರಲ್ಲಿ ಆರು ಕೋರುಗಳಿವೆ. ವ್ಯಾಲೊರಂಟಿನಂಥ ಹಗುರವಾದ ಆಟಗಳನ್ನು ಅದು ಒಂಟಿಯಾಗಿಯೇ ನಿಭಾಯಿಸುತ್ತದೆ. ಭಾರವಾದ ಆಟಗಳನ್ನು ಚಿತ್ರದ ಸೊಬಗನ್ನು ತಗ್ಗಿಸಿ ಆಡಬೇಕಾಗುತ್ತದೆ. ಇಂಥ ಪ್ರೊಸೆಸರು ರ್‍ಯಾಮಿನಿಂದಲೇ ಕಡ ತೆಗೆದುಕೊಂಡು ಚಿತ್ರ ಬರೆಯುವುದರಿಂದ, 16 ಜಿ.ಬಿ.ಯ ಒಂದೇ ಪಟ್ಟಿಯ ಬದಲು 8 ಜಿ.ಬಿ.ಯ ಎರಡನ್ನು ಹಾಕತಕ್ಕದ್ದು. ದಾರಿ ಇಮ್ಮಡಿ ಅಗಲವಾದಂತೆ ವೇಗವು ಎದ್ದುಕಾಣುವಷ್ಟು ಹೆಚ್ಚುತ್ತದೆ. ಹೆಚ್ಚು ಬೆಲೆಯೇನೂ ಇಲ್ಲದ ಈ ಸಂಗತಿಯನ್ನು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ಮರುವರ್ಷ ಹಣ ಕೂಡಿದರೆ ಅದೇ ಹಲಗೆಗೆ ಕಾರ್ಡನ್ನು ಸೇರಿಸಬಹುದು. ಲ್ಯಾಪ್‌ಟಾಪು ಹಾಸ್ಟೆಲಿನ ಹುಡುಗನಿಗೆ ಅನುಕೂಲ ನಿಜ. ಆದರೆ ಅದರಲ್ಲಿ ಹೀಗೆ ಹಂತಹಂತವಾಗಿ ಬೆಳೆಸಲು ಅವಕಾಶ ಅತ್ಯಲ್ಪ.

ಒಂದು ಭಾಗದಲ್ಲಿ ಮಾತ್ರ ಜಿಪುಣತನ ಸಲ್ಲದು. ಮನೆಯ ವಿದ್ಯುತ್ತನ್ನು ಯಂತ್ರಕ್ಕೆ ಹದಮಾಡಿ ಉಣಿಸುವ ಪವರ್ ಸಪ್ಲೈ ಎಂಬುದು ಪೆಟ್ಟಿಗೆಯೊಡನೆ ಪುಕ್ಕಟೆಯಾಗಿ ಬಂದರೆ ಸಂದೇಹಪಡಬೇಕು. ಹಳ್ಳಿಯ ವಿದ್ಯುತ್ತಿನ ಏರಿಳಿತವನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ: ಇದು ಸುಟ್ಟರೆ ತಾನೊಂದೇ ಸುಡುವುದಿಲ್ಲ. ಹೆಸರುವಾಸಿಯಾದ ಕಂಪೆನಿಯ 450ರಿಂದ 550 ವ್ಯಾಟಿನದು ಸಾಕು. ಜೊತೆಗೊಂದು ಯು.ಪಿ.ಎಸ್. ಬೇಕು, ಆದರೆ 600 ವಿ.ಎ. ಎಂದು ಬರೆದಿರುವುದು ಸಾಮಾನ್ಯವಾಗಿ 360 ವ್ಯಾಟನ್ನು ಮಾತ್ರ ಹೊರುವುದೆಂಬುದನ್ನೂ, ಅದು ಆಟ ಮುಂದುವರಿಸಲಿಕ್ಕಲ್ಲ, ಯಂತ್ರವನ್ನು ಕ್ರಮವಾಗಿ ನಿಲ್ಲಿಸಲಿಕ್ಕೆಂಬುದನ್ನೂ ಹುಡುಗನಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಸರಕಾರದ ಪಾಲೇನು? ಕರ್ನಾಟಕ ಸರಕಾರದವರು 2025ರ ನವೆಂಬರಿನಲ್ಲಿ ಬೆಂಗಳೂರಿನ ತಂತ್ರಜ್ಞಾನ ಮೇಳದಲ್ಲಿ ‘ಕಿಯೋ’ ಎಂಬ ಸುಲಭಬೆಲೆಯ ಕಂಪ್ಯೂಟರನ್ನು ಹೊರತಂದರು. ಸಾರಿದ ಬೆಲೆ 18,999 ರೂಪಾಯಿ. ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರನ್ನೂ ಲಿನಕ್ಸನ್ನೂ ಆರಿಸಿ ಪರರ ಹಂಗನ್ನು ಕಡಮೆಮಾಡಿಕೊಂಡುದು ಅಭಿನಂದನೀಯವಾದ ಕಾರ್ಯವೇ ಸರಿ. ಆದರೆ ವಿಂಡೋಸಿಗೂ ಇಂಟೆಲ್, ಎ.ಎಂ.ಡಿ. ಮಾದರಿಯ ಪ್ರೊಸೆಸರಿಗೂ ಬರೆದ ಆಟಗಳು ಅದರಲ್ಲಿ ಹಾಗೆಯೇ ನಡೆಯುವಂಥವಲ್ಲ. ಪಠ್ಯವೊಂದನ್ನೇ ನೆನೆದು ಯಂತ್ರ ಮಾಡಿದರೆ, ಹುಡುಗನು ಅದನ್ನು ಶಾಲೆಯ ಮುಂದುವರಿಕೆಯೆಂದೇ ಎಣಿಸಿ ದೂರ ಕೂರುವನೆಂಬ ಅಳುಕು ನಮಗಿದೆ. ಹಿಂದೆ ಬೆಂಗಳೂರಿನ ವಿಜ್ಞಾನ ಮಂದಿರದ ಪ್ರಾಧ್ಯಾಪಕರು ಸೇರಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಕೈಯಂತ್ರವು 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸಿನ ಕಾರ್ಖಾನೆಯಿಂದ ಪೇಟೆಗೆ ಬಂದಿತು. ಎಣಿಸಿದಷ್ಟು ಜನರ ಕೈಗೆ ಅದು ಹೋಗಲೇ ಇಲ್ಲ. ಸದುದ್ದೇಶಕ್ಕೆ ಕೊರತೆಯಿರಲಿಲ್ಲ, ಬಳಸುವವನ ಬಯಕೆಯನ್ನು ಕೇಳಿದವರು ಕಡಮೆ.

ತೆರಿಗೆಯ ಮಾತೊಂದು ಉಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಪೆನ್ಸಿಲು, ಬರೆಯುವ ಪುಸ್ತಕಗಳ ಮೇಲಿನ ಜಿ.ಎಸ್.ಟಿ.ಯನ್ನು ತೆಗೆದುಹಾಕಿದ ಸರಕಾರದವರು ಕಂಪ್ಯೂಟರಿನ ಮೇಲೆ ನೂರಕ್ಕೆ 18ನ್ನು ಹಾಗೆಯೇ ಉಳಿಸಿದರು. ಬಾಲಕನ ತಂದೆಯು ಎಣಿಸಿಕೊಡುವ 50,000 ರೂಪಾಯಿಯಲ್ಲಿ 7,600ಕ್ಕೂ ಮಿಕ್ಕಿದ ಹಣವು ತೆರಿಗೆಯದೇ. ಇದು ಒಂದು ಜೊತೆ ರ್‍ಯಾಮಿಗೋ ಒಳ್ಳೆಯ ಪವರ್ ಸಪ್ಲೈಗೋ ಒದಗುತ್ತಿದ್ದ ಹಣ. ವಿದ್ಯಾರ್ಥಿಯ ಹೆಸರಿನಲ್ಲಿ ಜೀವಮಾನಕ್ಕೊಮ್ಮೆ ಕೊಳ್ಳುವ ಯಂತ್ರಕ್ಕಾದರೂ ವಿನಾಯಿತಿ ಕೊಡುವ ವಿಚಾರವನ್ನು ಜಿ.ಎಸ್.ಟಿ. ಮಂಡಲಿಯ ಮುಂದಿಡಲು ನಮ್ಮ ರಾಜ್ಯದ ಸಚಿವರಿಗೆ ಅಡ್ಡಿಯೇನೂ ಕಾಣದು.

ಅದು ಆಗುವವರೆಗೆ ತೆರಿಗೆ ತೆತ್ತೇ ಕೊಳ್ಳಬೇಕು, ತೆತ್ತುದಕ್ಕೆ ಬಿಲ್ಲನ್ನೂ ಪಡೆಯಬೇಕು. ಬಿಲ್ಲಿಲ್ಲದೆ ಕೊಂಡರೆ ಅಗ್ಗವೆಂದು ಮೈಸೂರಿನಲ್ಲಿಯೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಹೇಳುವವರುಂಟು. ಹೊಸ ಪ್ರೊಸೆಸರಿಗೆ ತಯಾರಕರು ಸಾಮಾನ್ಯವಾಗಿ ಮೂರು ವರ್ಷದ ಹೊಣೆ ಹೊರುತ್ತಾರೆ. ಆ ಹೊಣೆಯನ್ನು ಕೇಳಲು ಕೈಯಲ್ಲಿ ಕಾಗದವಿರಬೇಕು. ಆದುದರಿಂದ ಪ್ರತಿಯೊಂದು ಭಾಗದ ಹೆಸರು, ಮಾದರಿ, ಕ್ರಮಸಂಖ್ಯೆಗಳನ್ನು ಬಿಲ್ಲಿನಲ್ಲಿ ಬೇರೆಬೇರೆಯಾಗಿ ಬರೆಯಿಸಿ, ಪೆಟ್ಟಿಗೆಗಳ ಮೇಲಿನ ಸಂಖ್ಯೆಯೊಡನೆ ಅಂಗಡಿಯಲ್ಲಿಯೇ ಹೋಲಿಸಿ ನೋಡಿ, ಆಮೇಲೆ ಬಸ್ಸು ಹತ್ತತಕ್ಕದ್ದು.